ಪ್ರೇಮ ಕಾದಂಬರಿ ಓದಿ ಫಾರ್ಮ್ 8 ತುಂಬಿದ ಕಥೆ

ಬೆಂಗಳೂರಿನ ವಿದ್ಯಾರಣ್ಯಪುರದ ಮತದಾರರ ಪಟ್ಟಿಯಲ್ಲಿ ಈಗ ನನ್ನ ಹೆಸರಿದೆ. ಅಮೆರಿಕದ ಒಂದು ಪ್ರೇಮ ಕಾದಂಬರಿ ಓದದೇ ಇದ್ದಿದ್ದರೆ ಇರುತ್ತಿರಲಿಲ್ಲ. ಎರಡಕ್ಕೂ ಏನು ಸಂಬಂಧ ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ. ಪುಸ್ತಕ ಓದುವವರಿಗೂ ಉಪಯೋಗ ಆಗಬಹುದು, ಬಾಡಿಗೆ ಮನೆ ಬದಲಾಯಿಸಿ ವೋಟನ್ನು ಹಳೇ ಏರಿಯಾದಲ್ಲೇ ಬಿಟ್ಟು ಬಂದವರಿಗೂ ಆಗಬಹುದು.

ನಾನು ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವಳು. ರಾಜಕೀಯ ಸುದ್ದಿ ತಿದ್ದೋದು, ಹೆಡ್ಡಿಂಗ್ ಕೊಡೋದು ನನ್ನ ಕೆಲಸ. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಬಿದ್ದ ದಿನಗಳಲ್ಲಿ ‘ರೆಸಾರ್ಟ್’ ಅನ್ನೋ ಪದ ಇಲ್ಲದ ಮೊದಲ ಪುಟವೇ ಇರಲಿಲ್ಲ. ಪಕ್ಷಾಂತರ ತಡೆಯಲು 1985ರಲ್ಲೇ ಕಾಯ್ದೆ ಬಂದಿದೆ. ರಾಜೀನಾಮೆ ಕೊಟ್ಟು, ಉಪಚುನಾವಣೆಗೆ ನಿಂತು, ಗೆದ್ದು ಮಂತ್ರಿಯಾಗುವ ದಾರಿಯೂ ಅದರ ಪಕ್ಕದಲ್ಲೇ ಇದೆ. ಅದನ್ನೂ ನಾನೇ ತಿದ್ದಿ ಪುಟಕ್ಕೆ ಹಾಕಿದೆ. ಇನ್ನು ನಮ್ಮ ಊರಿನ ಪಾಲಿಕೆ. 2015ರಲ್ಲಿ ಚುನಾವಣೆ ನಡೆಯಿತು, 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಅನ್ನೋರೇ ಇಲ್ಲ. ವಾರ್ಡ್ ಗಡಿ ಬದಲಾಯಿತು, ಮತ್ತೆ ಬದಲಾಯಿತು, ಕೊನೆಗೆ 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಗುಂಡಿ ಮಾತ್ರ ಅಲ್ಲೇ ಇದೆ.

ಇಷ್ಟು ನೋಡಿದ ಮೇಲೆ ಯಾರಾದರೂ ‘ರಾಜಕೀಯದಲ್ಲಿ ಭರವಸೆ’ ಅಂದರೆ ನನಗೆ ನಗು ಬರುತ್ತಿತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರರಲ್ಲೂ ಮತದಾನ 55 ಪರ್ಸೆಂಟ್ ಮುಟ್ಟಲಿಲ್ಲ. ಬಾರದೇ ಉಳಿದವರಲ್ಲಿ ನಾನೂ ಒಬ್ಬಳು. ಹೆಸರು ಹನುಮಂತನಗರದಲ್ಲಿ, ನಾನು ಊರಿನ ಇನ್ನೊಂದು ತುದಿಯಲ್ಲಿ. ಏಪ್ರಿಲ್ ಬಿಸಿಲು ಬೇರೆ. ಯಾರು ಹೋಗ್ತಾರೆ ಅಂತ ಮಲಗಿದೆ.

ಪುಸ್ತಕ ತಂದು ತಗುಲಿಸಿದ್ದು ಅಕ್ಕನ ಮಗಳು. “ಚಿಕ್ಕಮ್ಮ, ನೀನು ಟೀವಿ ಮುಂದೆ ಕೂತು ಬರೀ ಬೈತೀಯ. ಒಂದ್ಸಲ ಇದನ್ನ ಓದು” ಅಂದಳು. ‘ರೆಡ್, ವೈಟ್ ಆ್ಯಂಡ್ ರಾಯಲ್ ಬ್ಲೂ’. ಬರೆದವರು ಕೇಸಿ ಮೆಕ್‌ಕ್ವಿಸ್ಟನ್, ಅವರ ಮೊದಲ ಕಾದಂಬರಿ. ಬಂದದ್ದು 2019ರ ಮೇನಲ್ಲಿ, ಅಂದರೆ ನಮ್ಮಲ್ಲಿ ರೆಸಾರ್ಟ್ ಸೀಸನ್ ಶುರುವಾಗುವ ಸ್ವಲ್ಪ ಮುಂಚೆ. ಅಮೆರಿಕದ ಅಧ್ಯಕ್ಷೆಯ ಮಗ ಅಲೆಕ್ಸ್, ಇಂಗ್ಲೆಂಡಿನ ರಾಜಕುಮಾರ ಹೆನ್ರಿ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗೋದಿಲ್ಲ, ಆಮೇಲೆ ಪ್ರೀತಿಯಾಗುತ್ತದೆ, ಅದೇ ಹೊತ್ತಿಗೆ ತಾಯಿಯ ಮರುಚುನಾವಣೆ ಬರುತ್ತದೆ. ಗುಲಾಬಿ ಬಣ್ಣದ ಮುಖಪುಟ. ನಾನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟೆ.

ಅವಳು ಬಿಡಲಿಲ್ಲ. ಅವಳ ಪ್ರತಿಯನ್ನು ಗೆಳತಿ ಒಯ್ದಿದ್ದರಿಂದ ನಾನೇ ಕೊಳ್ಳಬೇಕಾಯಿತು. ಇಲ್ಲಿ ಒಂದು ಮಾತು. ಫುಟ್‌ಪಾತ್‌ನಲ್ಲಿ ಅಗ್ಗಕ್ಕೆ ಸಿಗುವ ಕಳ್ಳ ಪ್ರತಿ ತಗೋಬೇಡಿ. ಈ ಕಾದಂಬರಿಯಲ್ಲಿ ಇಬ್ಬರೂ ಬರೆದುಕೊಳ್ಳುವ ಇಮೇಲ್‌ಗಳು ಪುಟಗಟ್ಟಲೆ ಬರುತ್ತವೆ. ನಾನು ಬಿಡಿಸಿ ನೋಡಿದ ಪ್ರತಿಯಲ್ಲಿ ಆ ಪುಟಗಳ ಅಕ್ಷರ ಜೆರಾಕ್ಸಿನ ಜೆರಾಕ್ಸ್ ಥರ ಮಸುಕಾಗಿತ್ತು. ಕಥೆಯ ಜೀವ ಇರೋದೇ ಅಲ್ಲಿ. ಚರ್ಚ್ ಸ್ಟ್ರೀಟ್‌ನ ಸೆಕೆಂಡ್ ಹ್ಯಾಂಡ್ ರ‍್ಯಾಕ್‌ಗಳಲ್ಲಿ ಹುಡುಕಿದೆ. ಒಂದು ಅಂಗಡಿಯ ಮೆಟ್ಟಿಲ ಹತ್ತಿರ 220 ರೂಪಾಯಿಗೆ ಸಿಕ್ಕಿತು. ಬಸ್ಸಿನ ಖರ್ಚು ಸೊನ್ನೆ, ಶಕ್ತಿ ಯೋಜನೆ ಪುಣ್ಯ.

ಶುರುವಿನಲ್ಲಿ ಕಷ್ಟವಾಯಿತು. ಸುಳ್ಳು ಹೇಳೋದಿಲ್ಲ, ಮೂರು ನಾಲ್ಕು ಅಧ್ಯಾಯ ಹಲ್ಲು ಕಚ್ಚಿ ಓದಿದೆ. ರಾಜಮನೆತನದ ಮದುವೆಯಲ್ಲಿ ಇಬ್ಬರೂ ಜಗಳವಾಡಿ 75,000 ಡಾಲರ್ ಕೇಕಿನ ಮೇಲೆ ಬೀಳುತ್ತಾರೆ. ಪೇಪರ್‌ನವರ ಬಾಯಿ ಮುಚ್ಚಿಸಲು ಎರಡೂ ಕಡೆಯ ಪಿಆರ್ ತಂಡದವರು ಸೇರಿ ‘ಇವರಿಬ್ಬರೂ ಜೀವದ ಗೆಳೆಯರು’ ಅಂತ ನಾಟಕ ಕಟ್ಟುತ್ತಾರೆ. ಅದಷ್ಟೇ ನನಗೆ ನಂಬುವ ಹಾಗೆ ಕಂಡಿದ್ದು. ಎಲ್ಲರೂ ಚೂಪಾಗಿ ಮಾತಾಡುತ್ತಾರೆ, ಎಲ್ಲರೂ ಚೆಂದ, ಎಲ್ಲರೂ ಬುದ್ಧಿವಂತರು. ಯಾರಿಗೂ ಇಎಂಐ ಇಲ್ಲ. ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ಕೊಂಕು ಬರೆಯುತ್ತಾ ಹೋದೆ.

ಅಮೆರಿಕದ ಚುನಾವಣೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಅಲ್ಲಿ ಒಟ್ಟು ಜನರ ವೋಟು ಎಣಿಸಿ ಅಧ್ಯಕ್ಷರನ್ನು ಆರಿಸೋದಿಲ್ಲ. ರಾಜ್ಯಕ್ಕೆ ಇಷ್ಟು ಅಂತ ಎಲೆಕ್ಟೋರಲ್ ವೋಟು ಇರುತ್ತದೆ. ಒಟ್ಟು 538, ಗೆಲ್ಲಲು 270 ಬೇಕು. ಟೆಕ್ಸಾಸ್‌ಗೆ 2020ರಲ್ಲಿ 38 ಇತ್ತು. ಆ ರಾಜ್ಯ ಅಲೆಕ್ಸ್‌ನ ತಾಯಿಯ ಡೆಮಾಕ್ರಟಿಕ್ ಪಕ್ಷಕ್ಕೆ ಕೊನೇ ಸಲ ಒಲಿದದ್ದು 1976ರಲ್ಲಿ. ಅಲೆಕ್ಸ್ ಟೆಕ್ಸಾಸಿನ ಹುಡುಗ. ತಾಯಿ ತನ್ನ ಸ್ವಂತ ರಾಜ್ಯವನ್ನು ಗೆಲ್ಲಬೇಕು ಅನ್ನೋದು ಅವನ ಹಠ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಕೊನೆಯ ಅಧ್ಯಾಯಗಳು ಸಲೀಸು.

ನಾನು ಮೊದಲ ಸಲ ಜೋರಾಗಿ ನಕ್ಕಿದ್ದು ಕೋಳಿ ವಿಷಯಕ್ಕೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಮೆರಿಕದ ಅಧ್ಯಕ್ಷರು ಟರ್ಕಿ ಕೋಳಿಗಳಿಗೆ ಕ್ಷಮಾದಾನ ಕೊಡುತ್ತಾರೆ. ಆ ಕೋಳಿಗಳನ್ನು ಹಿಂದಿನ ರಾತ್ರಿ ದೊಡ್ಡ ಹೋಟೆಲಿನಲ್ಲಿ ಇಳಿಸುತ್ತಾರೆ. ಇದು ನಿಜವಾಗಿ ನಡೆಯೋದು, ಕಾದಂಬರಿಯದ್ದಲ್ಲ. ಕಾದಂಬರಿಯಲ್ಲಿ ಅಲೆಕ್ಸ್‌ಗೆ ಇದು ದುಂದುವೆಚ್ಚ ಅನಿಸಿ ತಕರಾರು ತೆಗೆಯುತ್ತಾನೆ. ಪರಿಣಾಮ, ಕೋಳಿಗಳ ಪಂಜರ ಅವನ ಬೆಡ್‌ರೂಮಿಗೇ ಬರುತ್ತದೆ. ರಾತ್ರಿಯೆಲ್ಲ ಅವು ಇವನನ್ನೇ ದಿಟ್ಟಿಸುತ್ತವೆ. ಭಯಕ್ಕೆ ಹೆನ್ರಿಗೆ ಫೋನ್ ಮಾಡುತ್ತಾನೆ. ನಮ್ಮ ಶಾಸಕರನ್ನು ಹೋಟೆಲಿನಿಂದ ಹೋಟೆಲಿಗೆ ಸಾಗಿಸಿದ ಬಸ್ಸುಗಳ ಫೋಟೋಗೆ ಅಡಿಬರಹ ಬರೆದವಳು ನಾನು. ತೆರಿಗೆ ದುಡ್ಡು ಉಳಿಯಲಿ ಅಂತ ಕೋಳಿಗಳನ್ನು ಸ್ವಂತ ರೂಮಿಗೆ ಕರೆದುಕೊಂಡು ಹೋಗುವ ಅಧ್ಯಕ್ಷರ ಮಗನನ್ನು ಕಂಡು ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸು ಸೀಟು ಬದಲಾಯಿಸಿದರು.

ಆಮೇಲೆ ಇಮೇಲ್‌ಗಳು. ಶುರುವಿನಲ್ಲಿ ಬರೀ ಕಾಲೆಳೆಯೋದು. ಬರಬರುತ್ತಾ ಹಳೇ ಕಾಲದವರ ಪ್ರೇಮಪತ್ರಗಳಿಂದ ಸಾಲು ಹುಡುಕಿ ಕೊನೆಗೆ ಸೇರಿಸುತ್ತಾರೆ. ತಮ್ಮಂಥವರು ಮುಂಚೆಯೂ ಇದ್ದರು ಅಂತ ಇಬ್ಬರೂ ಪುರಾವೆ ಹುಡುಕುತ್ತಿದ್ದಾರೆ ಅನ್ನೋದು ನನಗೆ ನಿಧಾನವಾಗಿ ಹೊಳೆಯಿತು. ಅಷ್ಟರಲ್ಲಿ ನನ್ನ ಪೆನ್ಸಿಲ್ ನಿಂತಿತ್ತು.

ಅಕ್ಕನ ಮಗಳಿಗೆ ಆ ಪುಟಗಳು ಯಾಕೆ ಅಷ್ಟು ಇಷ್ಟ ಅಂತ ಕೇಳಿದೆ. ಅವಳ ಹತ್ತಿರದ ಸ್ನೇಹಿತರಲ್ಲಿ ಒಂದು ಜೋಡಿ ಹುಡುಗರು ಇದ್ದಾರೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಅಂತ 377ನೇ ಸೆಕ್ಷನ್ ತೀರ್ಪು ಕೊಟ್ಟಾಗ ಆ ಹುಡುಗರು ಕಾಲೇಜಿನಲ್ಲಿದ್ದರಂತೆ. 2023ರ ಅಕ್ಟೋಬರ್‌ನಲ್ಲಿ ಇಂಥ ಜೋಡಿಗಳ ಮದುವೆಯ ಹಕ್ಕಿನ ಕೇಸಿನಲ್ಲಿ ಕೋರ್ಟು, ಅದು ಸಂಸತ್ತಿಗೆ ಬಿಟ್ಟ ವಿಷಯ ಅಂದಾಗ ಇಬ್ಬರೂ ಇವಳ ರೂಮಿನಲ್ಲೇ ಕೂತಿದ್ದರಂತೆ. “ಸಂಸತ್ತಿಗೆ ಬಿಟ್ಟಿದ್ದು ಅಂದ್ರೆ ವೋಟಿಗೆ ಬಿಟ್ಟಿದ್ದು ಅಂತ ತಾನೇ ಚಿಕ್ಕಮ್ಮ? ನೀನು ವೋಟೇ ಹಾಕಲ್ಲ” ಅಂದಳು. ನಾನು ಕಾಫಿ ಮಾಡಲು ಎದ್ದೆ.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಬರುತ್ತದೆ. ಓದಬೇಕು ಅಂತಿರುವವರು ಎರಡು ಪ್ಯಾರಾ ಹಾರಿಸಿ.

ರಫೇಲ್ ಲೂನಾ ಅಂತ ಒಬ್ಬ ಸೆನೆಟರ್ ಬರುತ್ತಾನೆ. ಅಲೆಕ್ಸ್‌ಗೆ ಗುರು ಥರ. ಚುನಾವಣೆ ಹತ್ತಿರ ಬಂದಾಗ ಅವನು ಎದುರಾಳಿಯ ಪಾಳಯ ಸೇರಿಬಿಡುತ್ತಾನೆ. ಓದುತ್ತಾ ನನಗೆ ವಿಚಿತ್ರ ಸಮಾಧಾನ ಆಯಿತು. ಬಂದ್ಯಾ ದಾರಿಗೆ, ಅಲ್ಲೂ ಇದೇ ಕಥೆ ಅಲ್ವಾ ಅಂದುಕೊಂಡೆ. ಇಷ್ಟು ವರ್ಷ ನೋಡಿದ್ದನ್ನೇ ಕೊನೆಗೂ ಪುಸ್ತಕ ಒಪ್ಪಿಕೊಂಡಿತು ಅನ್ನೋ ಖುಷಿ. ಆದರೆ ಅವನು ಒಳಗೆ ಹೋದದ್ದು ಎದುರಾಳಿಯ ಬಂಡವಾಳ ಬಯಲು ಮಾಡಲು. ಅದು ಗೊತ್ತಾದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹೀಗೆಲ್ಲ ನಡೆಯೋದಿಲ್ಲ ಅಂತ ಪುಸ್ತಕ ಮುಚ್ಚಿಟ್ಟೆ. ಎರಡು ದಿನ ಮುಟ್ಟಲಿಲ್ಲ. ಆಮೇಲೆ ಅನಿಸಿತು, ಹೀಗೆ ನಡೆಯೋದಿಲ್ಲ ಅಂತ ಇಷ್ಟು ಖಚಿತವಾಗಿ ಹೇಳುವುದರಲ್ಲಿ ನನಗೇನೋ ಸುಖವಿದೆ. ಕೆಟ್ಟದ್ದನ್ನು ಮುಂಚೆಯೇ ಊಹಿಸಿದ್ದೆ ಅನ್ನೋ ಸುಖ. ಡೆಸ್ಕಿನಲ್ಲಿ ಎಲ್ಲರಿಗೂ ಅಂಟುವ ಚಟ ಅದು.

ಎದುರಾಳಿ ಪಾಳಯದವರು ಇಬ್ಬರ ಇಮೇಲ್‌ಗಳನ್ನು ಕದ್ದು ಬಯಲಿಗೆ ಹಾಕುತ್ತಾರೆ. ಮಾನ ಹರಾಜಾಗಬೇಕಾದ ಜಾಗದಲ್ಲಿ ಜನ ಬೀದಿಗೆ ಬಂದು ಬೆಂಬಲಕ್ಕೆ ನಿಲ್ಲುತ್ತಾರೆ. ಕೊನೆಗೆ ಎಲ್ಲವೂ ಟೆಕ್ಸಾಸ್ ಮೇಲೆ ನಿಲ್ಲುತ್ತದೆ, ತಾಯಿ ಗೆಲ್ಲುತ್ತಾಳೆ. ನಿಜವಾದ 2020ರಲ್ಲಿ ಟೆಕ್ಸಾಸ್ ಹಾಗೆ ತಿರುಗಲಿಲ್ಲ ಅನ್ನೋದು ನನಗೂ ಗೊತ್ತು, ಪುಸ್ತಕ 2019ರಲ್ಲೇ ಬಂದಿತ್ತು. ಪುಸ್ತಕದ ಕೊನೆಯ ಕೃತಜ್ಞತೆಯ ಪುಟಗಳನ್ನು ದಯವಿಟ್ಟು ಬಿಡಬೇಡಿ. ಈ ಕಥೆ ಹೊಳೆದದ್ದು 2016ರ ಶುರುವಿನಲ್ಲಿ, ಆ ವರ್ಷದ ನವೆಂಬರ್ ಚುನಾವಣೆಯ ನಂತರ ತಿಂಗಳುಗಟ್ಟಲೆ ಇದನ್ನು ಕೈಬಿಟ್ಟಿದ್ದೆ ಅಂತ ಅಲ್ಲಿ ಬರೆದಿದ್ದಾರೆ. ನನ್ನನ್ನು ಗೆದ್ದದ್ದು ಆ ಪುಟ. ಜಗತ್ತು ಚೆನ್ನಾಗಿದೆ ಅಂತ ನಂಬಿದವರು ಬರೆದ ಪುಸ್ತಕ ಅಂತ ನಾನು ಕೊಂಕು ಮಾಡಿದ್ದೆ. ಬರೆದವರೂ ಒಮ್ಮೆ ಕೈಚೆಲ್ಲಿ ಕೂತವರೇ.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಎರಡನೇ ಓದಿನಲ್ಲಿ. ಈ ಕಾದಂಬರಿಯ ಭರವಸೆ ಭಾಷಣದಲ್ಲಿ ಜಾಸ್ತಿ ಇಲ್ಲ, ಗುಮಾಸ್ತಗಿರಿಯಲ್ಲಿ ಇದೆ. ಟೆಕ್ಸಾಸ್ ಗೆಲ್ಲೋದು ಹೇಗೆ ಅಂತ ಅಲೆಕ್ಸ್ ಒಂದು ದಪ್ಪ ಬೈಂಡರ್ ಕಟ್ಟಿಟ್ಟಿರುತ್ತಾನೆ. ಅಂಕಿ ಅಂಶ, ಯಾರು ವೋಟು ಹಾಕುತ್ತಿಲ್ಲ, ಯಾಕೆ ಹಾಕುತ್ತಿಲ್ಲ. ತಾಯಿಯಂತೂ ಮಗನ ಪ್ರೇಮದ ಸುದ್ದಿ ಕೇಳಿ ಅಳೋದಿಲ್ಲ, ಪವರ್‌ಪಾಯಿಂಟ್ ಮಾಡಿಕೊಂಡು ಬಂದು ಸ್ಲೈಡ್ ತೋರಿಸುತ್ತಾಳೆ. ಆ ಬೈಂಡರ್ ನೋಡಿ ನನ್ನ ಹೆಸರು ಯಾವ ಪಟ್ಟಿಯಲ್ಲಿ ಬಿದ್ದಿದೆ ಅಂತ ನೋಡೋಣ ಅನಿಸಿತು. ರಾತ್ರಿ ಹನ್ನೊಂದಕ್ಕೆ ಚುನಾವಣಾ ಆಯೋಗದ ಮತದಾರರ ಪೋರ್ಟಲ್ ತೆರೆದೆ. ಕ್ಷೇತ್ರ ಬಸವನಗುಡಿ, ಹಳೇ ಮನೆ ನಂಬರ್. ಆ ಮನೆ ಕೆಡವಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ.

ಈಗ ಫಾರ್ಮಿನ ವಿಷಯ. ಮೊದಲ ಸಲ ಹೆಸರು ಸೇರಿಸಲು ಫಾರ್ಮ್ 6. ಮನೆ ಬದಲಾಯಿಸಿದ್ದರೆ ಫಾರ್ಮ್ 8, ಅದೇ ಕ್ಷೇತ್ರದ ಒಳಗಾದರೂ ಸರಿ, ಬೇರೆ ಕ್ಷೇತ್ರಕ್ಕಾದರೂ ಸರಿ. 2022ರ ಆಗಸ್ಟ್‌ನಿಂದ ಹೀಗಿದೆ. ಹಳೇ ನೆನಪಿನಲ್ಲಿ ಯಾರೋ ಫಾರ್ಮ್ 6 ಹಾಕಿ ಅಂತಾರೆ, ಕೇಳಬೇಡಿ, ಹೆಸರು ಎರಡು ಕಡೆ ಆಗಿಬಿಡುತ್ತದೆ. ಶುಲ್ಕ ಇಲ್ಲ. ಸೈಬರ್ ಸೆಂಟರ್‌ನವರು ಕೇಳಿದರೆ ಅದು ಅವರ ಟೈಪಿಂಗ್ ಕೂಲಿ ಅಷ್ಟೆ.

ತೊಡಕು ಬಂದದ್ದು ವಿಳಾಸದ ದಾಖಲೆಯಲ್ಲಿ. ಬಾಡಿಗೆ ಕರಾರು ನಡೆಯುತ್ತದೆ, ಆದರೆ ರಿಜಿಸ್ಟರ್ ಆಗಿರಬೇಕು. ಬೆಂಗಳೂರಿನಲ್ಲಿ ಯಾರ ಹತ್ತಿರ ಇದೆ ಹೇಳಿ? ನಮ್ಮದೆಲ್ಲ ಹನ್ನೊಂದು ತಿಂಗಳ ಛಾಪಾ ಕಾಗದ, ನೋಟರಿ ಸೀಲು. ಕರೆಂಟ್ ಬಿಲ್ ಓನರ್ ಹೆಸರಲ್ಲಿ. ಗ್ಯಾಸ್ ಬಿಲ್ ನನ್ನ ಹೆಸರಲ್ಲೇ ಇದೆ, ಆದರೆ ಈ ಕಡೆಯ ಏಜೆನ್ಸಿಗೆ ಬದಲಾಯಿಸಿ ವರ್ಷ ತುಂಬಿರಲಿಲ್ಲ, ಫಾರ್ಮಿನಲ್ಲಿ ಕನಿಷ್ಠ ಒಂದು ವರ್ಷದ್ದು ಕೇಳುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಆಧಾರ್‌ನಲ್ಲೂ ಹನುಮಂತನಗರ.

ಕೊನೆಗೆ ಹೊಳೆದ ದಾರಿ ಇದು. ಇತ್ತೀಚಿನ ಗ್ಯಾಸ್ ಬಿಲ್ ತೋರಿಸಿ ಆಧಾರ್ ವಿಳಾಸ ಬದಲಾಯಿಸಿದೆ, ಆಧಾರ್ ತೋರಿಸಿ ಫಾರ್ಮ್ 8 ಹಾಕಿದೆ. ಆಧಾರ್‌ಗೆ 75 ರೂಪಾಯಿ. ಸೆಂಟರಿಗೆ ಬೆಳಿಗ್ಗೆ ಬೇಗ ಹೋಗಿ, ಟೋಕನ್ ಹತ್ತು ಗಂಟೆಗೆಲ್ಲ ಖಾಲಿಯಾಗಿರುತ್ತದೆ. ಮೊದಲ ಸಲ ನನ್ನನ್ನು ವಾಪಸ್ ಕಳಿಸಿದರು, ಬಿಲ್ ಪ್ರಿಂಟ್‌ನಲ್ಲಿ ಮನೆ ನಂಬರ್ ಅರ್ಧ ಕತ್ತರಿಸಿ ಹೋಗಿತ್ತು. ಸಾಲಿನಲ್ಲಿ ಕೂತು ಪುಸ್ತಕದ ಕೋಳಿ ಪ್ರಸಂಗ ಮತ್ತೆ ಓದಿದೆ. ಆಧಾರ್ ಬದಲಾಗುವವರೆಗೆ ಕಾಯೋದು ಬೇಜಾರಿನ ಕೆಲಸ. ದಿನಾ ಸ್ಟೇಟಸ್ ನೋಡಬೇಡಿ, ನೋಡಿದರೆ ಬೇಗ ಆಗೋದಿಲ್ಲ.

ಇನ್ನೊಂದು ಅಡ್ಡಿ ನಾನು ಎಣಿಸಿರಲಿಲ್ಲ. ಕೆಳಗಿನ ಮನೆಯ ಓನರ್ ಅಂಕಲ್ ವಿಷಯ ಕೇಳಿ ಮುಖ ಸಣ್ಣ ಮಾಡಿದರು. “ವೋಟರ್ ಐಡಿ ಈ ಅಡ್ರೆಸ್ಸಿಗೆ ಆಗಿಬಿಟ್ರೆ ನಾಳೆ ಮನೆ ಖಾಲಿ ಮಾಡಲ್ಲ ಅಂತೀರೇನಮ್ಮ?” ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಆಸ್ತಿಯ ಮೇಲೆ ಯಾವ ಹಕ್ಕೂ ಹುಟ್ಟೋದಿಲ್ಲ, ಎಲ್ಲಿ ವಾಸ ಅನ್ನೋದಷ್ಟೇ ಲೆಕ್ಕ ಅಂತ ಹೇಳಿದೆ. ಪೂರ್ತಿ ನಂಬಲಿಲ್ಲ. ಬಾಡಿಗೆಯವರು ಇದನ್ನು ಮುಂಚೆಯೇ ಓನರ್ ಕಿವಿಗೆ ಹಾಕಿಡೋದು ಒಳ್ಳೆಯದು, ಯಾಕೆಂದರೆ ಪರಿಶೀಲನೆಗೆ ಬಂದವರು ಮೊದಲು ಕೇಳೋದು ಅವರನ್ನೇ.

ಬಿಎಲ್‌ಒ ಅಂದರೆ ಬೂತ್ ಮಟ್ಟದ ಅಧಿಕಾರಿ. ಅಧಿಕಾರಿ ಅಂದ ತಕ್ಷಣ ಸಫಾರಿ ಸೂಟು ನೆನಪಾಗುತ್ತೆ. ನಮ್ಮ ಬಾಗಿಲಿಗೆ ಮಧ್ಯಾಹ್ನ ಬಂದದ್ದು ಅಂಗನವಾಡಿ ಟೀಚರ್. ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಪ್ಲಾಸ್ಟಿಕ್ ಫೈಲು. ಒಳಗೆ ಬೂತಿನ ಪಟ್ಟಿ, ಪುಟದ ಅಂಚು ಬೆವರಿಗೆ ಮೆತ್ತಗಾಗಿದೆ. ತೀರಿಕೊಂಡವರ ಹೆಸರಿನ ಮುಂದೆ ಕೆಂಪು ಪೆನ್ನಿನ ಗುರುತು, ಮನೆ ಬಿಟ್ಟು ಹೋದವರ ಮುಂದೆ ನೀಲಿ. ನೀರು ಕೊಟ್ಟೆ. “ನೀವು ಬಾಗಿಲು ತೆಗೆದ್ರಲ್ಲ, ಅದೇ ದೊಡ್ಡದು ಮೇಡಂ. ಈ ರೋಡಲ್ಲಿ ಸುಮಾರು ಜನ ಸೇಲ್ಸ್‌ನವರು ಅಂದ್ಕೊಂಡು ಒಳಗಿಂದಾನೇ ಬೇಡ ಅಂತಾರೆ” ಅಂದರು. ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಈ ಸುತ್ತು ಹೊಡೆಯುತ್ತಾರಂತೆ. ಎದುರು ಬಿಲ್ಡಿಂಗ್‌ನ ಎರಡನೇ ಫ್ಲೋರಿನ ಹುಡುಗಿಗೆ ಹದಿನೆಂಟು ತುಂಬಿದೆ, ಅವರಪ್ಪ ಫಾರ್ಮ್ ಕೊಡುತ್ತಿಲ್ಲ, ಅಲ್ಲಿಗೆ ಹೋಗೋದು ಇದೇ ನಾಲ್ಕನೇ ಸಲ ಅಂದರು. ಅಲೆಕ್ಸ್‌ನ ಬೈಂಡರ್ ನೋಡಿ ಬೆರಗಾಗಿದ್ದ ನಾನು ಆ ರಬ್ಬರ್ ಬ್ಯಾಂಡ್ ಫೈಲನ್ನು ಸುಮಾರು ಹೊತ್ತು ನೋಡಿದೆ. ಓನರ್ ಅಂಕಲ್ ಕೆಳಗೆ ನಿಂತು “ಹೌದಮ್ಮ, ಇಲ್ಲೇ ಇರೋದು” ಅಂದರು. ಅಷ್ಟಕ್ಕೆ ಮುಗಿಯಿತು.

ಹದಿನೆಂಟರ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ಹದಿನೆಂಟು ತುಂಬಿರಬೇಕಾದ ದಿನ ಅಂತ ಮುಂಚೆ ಜನವರಿ 1 ಒಂದೇ ಲೆಕ್ಕಕ್ಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಲ್ಕೂ ತಿಂಗಳ ಒಂದನೇ ತಾರೀಖು ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ವರ್ಷ ಕಾಯಿಸಬೇಡಿ. ಫಾರ್ಮ್ ಹಾಕಿದ ಮೇಲೆ ಬರುವ ರೆಫರೆನ್ಸ್ ನಂಬರನ್ನು ಬರೆದಿಟ್ಟುಕೊಳ್ಳಿ. ಬಿಎಲ್‌ಒ ಯಾರು ಅಂತ ಅದೇ ಪೋರ್ಟಲ್‌ನಲ್ಲಿ ಸಿಗುತ್ತದೆ, ಅನುಮಾನ ಇದ್ದರೆ 1950ಕ್ಕೆ ಫೋನ್ ಮಾಡಿ. ಕಾರ್ಡು ಪೋಸ್ಟಿನಲ್ಲಿ ಬರುತ್ತದೆ. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಚುನಾವಣೆ ಘೋಷಣೆಗೆ ಮುಂಚೆ ಇನ್ನೊಮ್ಮೆ ಹುಡುಕಿ ನೋಡಿ.

ಪುಸ್ತಕದ ಬಗ್ಗೆ ನನ್ನ ತಕರಾರು ಎಲ್ಲ ಮುಗಿದಿಲ್ಲ. ಚುನಾವಣೆಗೆ ಸುರಿಯುವ ದುಡ್ಡಿನ ಮಾತು ಬಂದಷ್ಟೇ ಬೇಗ ಹೋಗುತ್ತದೆ. ಅರಮನೆಯ ಸಂಪತ್ತು ಎಲ್ಲಿಂದ ಬಂತು ಅಂತ ಹೆನ್ರಿ ಸಂಕಟ ಪಡುತ್ತಾನೆ, ಅಷ್ಟಕ್ಕೇ ಬಿಟ್ಟರು. ಬಾಗಿಲು ತಟ್ಟುವವರ ಮುಖ ಕಾಣೋದಿಲ್ಲ, ಕಾಣೋದು ದೊಡ್ಡ ಮನೆಯ ಮಕ್ಕಳದ್ದೇ. ಅಲ್ಲಿರುವ ಒಬ್ಬ ಭಾರತೀಯ ಮೂಲದವನು, ಶಾನ್ ಶ್ರೀವಾಸ್ತವ, ರಾಜಕುಮಾರನ ಆಪ್ತ ಸಹಾಯಕ. ಅವನಿಗೆ ಇನ್ನೊಂದಿಷ್ಟು ಪುಟ ಕೊಡಬಹುದಿತ್ತು. ಸಿನಿಮಾ 2023ರಲ್ಲಿ ಪ್ರೈಮ್ ವಿಡಿಯೋದಲ್ಲಿ ಬಂದಿದೆ, ಪುಸ್ತಕ ಮುಗಿಸಿ ಆಮೇಲೆ ನೋಡಿ. ಹಾಸಿಗೆಯ ಪ್ರಸಂಗಗಳು ಇವೆ, ಪುಸ್ತಕವನ್ನು ಟೀಪಾಯಿ ಮೇಲೆ ಬಿಡುವ ಮನೆಯವರು ಗಮನಿಸಿ.

ನನ್ನ ಪೆನ್ಸಿಲ್ ಕೊಂಕು ಇರುವ ಆ ಪ್ರತಿ ಈಗ ಅಕ್ಕನ ಕೈಯಲ್ಲಿದೆ. ಅವಳು ಕೊಂಕನ್ನೇ ಮೊದಲು ಓದುತ್ತಾಳಂತೆ. ನಾನು ಸುಮ್ನೆ ಇರಲಾರದೆ ಅವಳ ಹೆಸರನ್ನೂ ಪೋರ್ಟಲ್‌ನಲ್ಲಿ ಹುಡುಕಿದೆ. ಮಲ್ಲೇಶ್ವರದಲ್ಲಿ ಒಂದು, ಈಗಿನ ಯಲಹಂಕದ ಮನೆಯಲ್ಲಿ ಒಂದು. ಯಾರೋ ಅವಳಿಗೂ ಫಾರ್ಮ್ 6 ಹಾಕಿಸಿದ್ದಾರೆ. ಎರಡು ಕಡೆ ಹೆಸರಿರೋದು ಕಾನೂನಿಗೆ ವಿರುದ್ಧ, ಒಂದನ್ನು ಫಾರ್ಮ್ 7 ಹಾಕಿ ತೆಗೆಸಬೇಕು. “ಮಲ್ಲೇಶ್ವರದ್ದು ಇರಲಿ ಕಣೇ, ಅಲ್ಲೇ ಹುಟ್ಟಿದ್ದಲ್ವಾ” ಅಂತ ಹಠ ಹಿಡಿದಿದ್ದಾಳೆ. ಭಾನುವಾರ ಹೋಗಿ ಕೂರಿಸಿಕೊಂಡು ತುಂಬಿಸಬೇಕು.